ವಾಚ್‌ಲಿಸ್ಟ್ ಚಿಕ್ಕದಿದ್ರೇ ಒಳ್ಳೇದು

ಬೆಳಿಗ್ಗೆ 9.15 ಆಯ್ತು ಅಂದ್ರೆ ಕ್ಲಾಸಿನ ಹಿಂದಿನ ಬೆಂಚುಗಳಲ್ಲಿ ಕೆಂಪು-ಹಸಿರು ಕ್ಯಾಂಡಲ್‌ಗಳು ಓಡೋಕೆ ಶುರು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಬರೋ ನಮ್ಮಲ್ಲಿ ಎಷ್ಟೋ ಜನರ ಫೋನಿನಲ್ಲಿ ಈಗ ಡಿಮ್ಯಾಟ್ ಖಾತೆ ಇದೆ, ಅದರಲ್ಲಿ ಐವತ್ತು ಷೇರುಗಳ ವಾಚ್‌ಲಿಸ್ಟೂ ಇದೆ. ಷೇರು ಮುಟ್ಟಲೇಬೇಡಿ ಅಂತ ನಾವು ಹೇಳ್ತಿಲ್ಲ. ಆದರೆ ಪಟ್ಟಿ ಉದ್ದ ಆದಷ್ಟೂ ಅವಕಾಶ ಜಾಸ್ತಿ ಅನ್ನೋ ನಂಬಿಕೆ ತಪ್ಪು ಅನ್ನೋದು ನಮ್ಮ ವಾದ. ಇದಕ್ಕೆ ಬೇಕಾದ ಗಣಿತ ನಮ್ಮ ಸಿಲೆಬಸ್ಸಿನಲ್ಲೇ ಇದೆ.

ಎಲ್ಲರೂ ನೋಡೋ ಆರ್‌ಎಸ್‌ಐ ಸೂಚಕವನ್ನು 1978ರಲ್ಲಿ ಕೊಟ್ಟವರು ವೆಲ್ಸ್ ವೈಲ್ಡರ್, ಓದಿನಿಂದ ಮೆಕ್ಯಾನಿಕಲ್ ಎಂಜಿನಿಯರ್. 14 ದಿನಗಳ ಏರಿಳಿತ ಲೆಕ್ಕ ಹಾಕಿ, 70ರ ಮೇಲೆ ಹೋದರೆ ಅತಿಯಾಗಿ ಕೊಂಡಿದ್ದಾರೆ, 30ರ ಕೆಳಗೆ ಬಂದರೆ ಅತಿಯಾಗಿ ಮಾರಿದ್ದಾರೆ ಅಂತ ಅದು ಹೇಳುತ್ತೆ. ಮೂವಿಂಗ್ ಆವರೇಜ್ ಅಂದ್ರೆ ಸಿಗ್ನಲ್ಸ್ ಕ್ಲಾಸಿನ ಲೋ-ಪಾಸ್ ಫಿಲ್ಟರೇ. ಗದ್ದಲ ಕಡಿಮೆ ಮಾಡುತ್ತೆ, ಬದಲಿಗೆ ತಡ ಮಾಡುತ್ತೆ. 20 ದಿನದ ಸರಳ ಸರಾಸರಿ ಸುಮಾರು 9.5 ದಿನ ಹಿಂದೆ ಇರುತ್ತೆ. ಅಂದ್ರೆ ಚಾರ್ಟ್ ತೋರಿಸೋದು ನಿನ್ನೆಯ ಸುದ್ದಿ, ನಾಳೆಯದಲ್ಲ.

ಈಗ ಪ್ರಾಬಬಿಲಿಟಿ. ಒಂದು ಷೇರು ಒಂದು ದಿನ ಸುಳ್ಳು ಸಿಗ್ನಲ್ ಕೊಡೋ ಸಾಧ್ಯತೆ 5% ಅಂತ ಇಟ್ಕೊಳ್ಳಿ. ಎಂಟು ಷೇರಿನ ಪಟ್ಟಿಯಲ್ಲಿ ಆ ದಿನ ಒಂದಾದರೂ ಸುಳ್ಳು ಸಿಗ್ನಲ್ ಬರೋ ಸಾಧ್ಯತೆ ಸುಮಾರು 34%. ಐವತ್ತು ಷೇರಿಗೆ ಅದು 92%! ನಿಜವಾದ ಮಾರುಕಟ್ಟೆಯಲ್ಲಿ ಷೇರುಗಳು ಒಟ್ಟೊಟ್ಟಿಗೆ ಚಲಿಸುತ್ತವೆ, ಹಾಗಾಗಿ ಲೆಕ್ಕ ಇಷ್ಟು ಸರಳ ಅಲ್ಲ. ಆದರೂ ಪಾಠ ಅದೇ: ಉದ್ದ ಪಟ್ಟಿ ಹೆಚ್ಚುಕಮ್ಮಿ ದಿನಾ ಏನೋ ಒಂದನ್ನು ಕೊಳ್ಳು ಅಂತ ಕೂಗುತ್ತೆ.

ನಮ್ಮೂರಿನವರು ಇದನ್ನು ಚೆನ್ನಾಗಿ ಬಲ್ಲರು. ಕುಮಟಾದ ಅಡಿಕೆ ರೇಟು ದಿನಾ ಪೇಪರಿನಲ್ಲಿ ಬರುತ್ತೆ: ಚಿಪ್ಪು, ಕೋಕಾ, ಹಳೆ ಚಾಲಿ, ಹೊಸ ಚಾಲಿ. ಬೆಳೆಗಾರರಿಗೆ ಅದೇ ವಾಚ್‌ಲಿಸ್ಟ್. ನಾಲ್ಕೈದು ಸಾಲು, ಅಷ್ಟೇ. ರೇಟು ಏರಿತು ಅಂತ ಅಂಗಳದಲ್ಲಿರೋ ಹಸಿ ಅಡಿಕೆ ಒಂದೇ ದಿನಕ್ಕೆ ಚಾಲಿ ಆಗಲ್ಲ. ಮಾಲು ಎಷ್ಟಿದೆ, ಹೇಗಿದೆ, ದುಡ್ಡಿನ ಅಗತ್ಯ ಎಷ್ಟು ಅಂತ ನೋಡಿ ಆಮೇಲೆ ಮಾರ್ತಾರೆ. ಹೊನ್ನಾವರದ ಯಾಂತ್ರೀಕೃತ ದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದಡದಲ್ಲೇ ಇರುತ್ತವೆ. ಸುಮ್ಮನಿರೋದೂ ಕಸುಬಿನ ಒಂದು ಭಾಗ.

ಇಲ್ಲಿ ಪಣಕ್ಕಿರೋದು ಮನೆಯವರ ದುಡ್ಡು. ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ 71% ಜನ ನಷ್ಟ ಮಾಡ್ಕೊಂಡ್ರು. ಮೂವತ್ತರೊಳಗಿನವರಲ್ಲಿ ಇದು 76%. ಅವರ ಹತ್ತಿರವೂ ಇದೇ ಆರ್‌ಎಸ್‌ಐ, ಇದೇ ಸ್ಕ್ರೀನರ್‌ಗಳು ಇದ್ದವು.

ಸಾವಿರಾರು ಷೇರುಗಳನ್ನು ಸ್ಕ್ರೀನರ್ ಕ್ಷಣದಲ್ಲಿ ಜರಡಿ ಹಿಡಿಯುತ್ತಲ್ಲ, ಯಾಕೆ ಬಿಡ್ಬೇಕು ಅಂತ ಕೇಳಬಹುದು. ಜರಡಿ ಹಿಡೀಲಿ, ತೊಂದರೆ ಇಲ್ಲ. ಆದರೆ ಜರಡಿಗೆ ಬೀಳೋದು ಏನು ಅಂತ ಮೊದಲೇ ನಮಗೆ ಗೊತ್ತಿರಬೇಕು. ಏನು ಮಾಡಿ ದುಡಿಯುತ್ತೆ ಅಂತ ಎರಡು ವಾಕ್ಯದಲ್ಲಿ ಹೇಳೋಕೆ ಬರೋ ಕಂಪನಿಗಳನ್ನಷ್ಟೇ, ಎಂಟೋ ಹತ್ತೋ, ಪಟ್ಟಿಗೆ ಹಾಕೋಣ. ಯಾವಾಗ ಕೊಳ್ಳೋದು, ಎಷ್ಟು ನಷ್ಟಕ್ಕೆ ಹೊರಬರೋದು ಅನ್ನೋ ನಿಯಮವನ್ನು ಸಿಗ್ನಲ್ ಬರೋ ಮೊದಲೇ ಬರೆದಿಡೋಣ. ಒಂದು ಸೆಮಿಸ್ಟರ್ ಪೂರ್ತಿ ನೋಟ್‌ಬುಕ್ಕಿನಲ್ಲೇ ಟ್ರೇಡ್ ಮಾಡಿ, ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ ಎಲ್ಲ ಕಳೆದು ಲೆಕ್ಕ ಹಾಕೋಣ. ಸುಳ್ಳಾದ ಸಿಗ್ನಲ್‌ಗಳನ್ನೂ ಬಿಡದೆ ಬರೆಯೋಣ.

ಪುಸ್ತಕದಲ್ಲೇ ಲಾಭ ಕಾಣದಿದ್ರೆ ಫೀಸಿನ ದುಡ್ಡು ಫೀಸಿಗೇ ಹೋಗಲಿ.