ಎದುರು ಮಾತಿಗೆ ಹೆದರುವ ಈಮಾನು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮದ್ರಸಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ನನಗೆ ಇಪ್ಪತ್ತು ವರ್ಷಗಳಾಗುತ್ತ ಬಂದವು. ಈ ಅವಧಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿ ಮುಂದಿನ ಮಾತಿಗೆ ಹೋಗುತ್ತೇನೆ. ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ಒಂದು ಸಂಜೆ ಮಗ್ರಿಬ್ ನಮಾಝಿನ ಬಳಿಕ ನನ್ನ ಬಳಿ ಬಂದು ಕುಳಿತ. "ಹಜ್ರತ್, ನಾವು ಮಾಡುವುದೆಲ್ಲ ಮೊದಲೇ ಬರೆದಿದ್ದರೆ ನಮಗೆ ಶಿಕ್ಷೆ ಕೊಡುವುದು ನ್ಯಾಯವೇ?" ಎಂದು ಕೇಳಿದ. ದೇವರನ್ನು ನಂಬದ ಯಾರೋ ಒಬ್ಬರ ಭಾಷಣವನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ನಾನು ಉತ್ತರಿಸಲಿಲ್ಲ. ಇಂಥ ವೀಡಿಯೊ ನೋಡಬೇಡ, ಇದು ಶೈತಾನನ ವಸ್‌ವಾಸ್ ಎಂದು ಗದರಿಸಿ ಕಳುಹಿಸಿದೆ. ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ಕೆಲವು ತಿಂಗಳ ಬಳಿಕ ಅವನ ತಂದೆ ಬಂದು, ಮಗ ಜುಮಾಕ್ಕೂ ಬರುತ್ತಿಲ್ಲವೆಂದು ಕಣ್ಣೀರು ಹಾಕಿದರು.

ಆ ದಿನ ನಾನು ರಕ್ಷಿಸಿದ್ದು ಅವನ ಈಮಾನನ್ನಲ್ಲ, ನನ್ನ ಅಜ್ಞಾನವನ್ನು. ವಿಧಿಲಿಖಿತದ ಪ್ರಶ್ನೆ ಇಸ್ಲಾಮಿನ ಇತಿಹಾಸದಲ್ಲಿ ಹೊಸದಲ್ಲ. ಜಬರಿಯ್ಯ, ಕದರಿಯ್ಯ ಎಂಬ ಎರಡು ಪಂಥಗಳು ಈ ಒಂದೇ ಪ್ರಶ್ನೆಯ ಎರಡು ತುದಿಗಳಲ್ಲಿ ನಿಂತು ವಾದಿಸಿದ್ದವು. ವಿದ್ವಾಂಸರು ಅವರಿಗೆ ಉತ್ತರವಾಗಿ ಸಂಪುಟಗಳನ್ನೇ ಬರೆದರು. ಓದಿದವನಿಗೆ ಆ ಹುಡುಗನ ಪ್ರಶ್ನೆ ಹೆದರಿಕೆ ಹುಟ್ಟಿಸಬೇಕಾಗಿರಲಿಲ್ಲ. ಆದರೆ ಎದುರು ಮಾತು ಕೇಳಿದೊಡನೆ ಬಾಗಿಲು ಹಾಕುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನೇ ನಾವು ಧರ್ಮನಿಷ್ಠೆಯೆಂದು ತಿಳಿದಿದ್ದೇವೆ.

ಸಹಾಬಿಗಳ ನಡೆ ಹೀಗಿತ್ತೇ? ಹರೂರಾದಲ್ಲಿ ಖವಾರಿಜರು ಒಟ್ಟುಗೂಡಿ ಅಲಿ(ರ) ಅವರನ್ನೇ ಕಾಫಿರರೆಂದು ಸಾರಿದಾಗ ಇಬ್ನ್ ಅಬ್ಬಾಸ್(ರ) ಅವರ ನಡುವೆ ಹೋಗಿ ಕುಳಿತರು. ಅಲಿಯವರ ಮೇಲೆ ನಿಮ್ಮ ಆಕ್ಷೇಪವೇನೆಂದು ಮೊದಲು ಕೇಳಿದರು. ಅವರು ಮೂರು ಆಕ್ಷೇಪಗಳನ್ನು ಹೇಳಿದರು. ಇನ್ನೇನಾದರೂ ಉಂಟೇ ಎಂದು ವಿಚಾರಿಸಿ, ಇಲ್ಲವೆಂದ ಬಳಿಕವೇ ಒಂದೊಂದಕ್ಕೂ ಕುರ್‌ಆನಿನಿಂದಲೇ ಉತ್ತರ ಕೊಟ್ಟರು. ಸಾವಿರಾರು ಮಂದಿ ಅಲ್ಲಿಂದ ಹಿಂದಿರುಗಿ ಬಂದರು. ಖಡ್ಗ ಹಿಡಿದು ನಿಂತವರ ಮಾತನ್ನು ಆ ಮಹಾನುಭಾವರು ಕೇಳಿದರು. ಪ್ರಶ್ನೆ ಹಿಡಿದು ಬಂದ ಒಬ್ಬ ಹುಡುಗನ ಮಾತನ್ನು ನಾನು ಕೇಳಲಾರದೆ ಹೋದೆ.

ಇಲ್ಲಿ ಒಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ವಿರೋಧಿಯ ವಾದವನ್ನು ಎತ್ತಿ ಹೇಳಿದರೆ ಅದು ತಿಳಿಯದವರಿಗೂ ತಿಳಿಯುತ್ತದೆ. ಸಂಶಯ ಮನಸ್ಸಿಗೆ ಅಂಟುತ್ತದೆ, ಉತ್ತರ ಅಂಟುವುದಿಲ್ಲ. ಹಾರಿಸ್ ಮುಹಾಸಿಬಿಯವರು ಮುಅ್‌ತಝಿಲಾ ಪಂಥವನ್ನು ಖಂಡಿಸಿ ಬರೆದಾಗ ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಅವರು ಎತ್ತಿದ್ದು ಇದೇ ಆಕ್ಷೇಪವನ್ನು. ಇಮಾಮ್ ಗಝಾಲಿ(ರ) ತಮ್ಮ ಆತ್ಮವೃತ್ತಾಂತದಲ್ಲಿ ಇದನ್ನು ಸ್ಮರಿಸಿ, ಆಕ್ಷೇಪ ಸರಿ ಎಂದು ಒಪ್ಪುತ್ತಾರೆ. ಆದರೆ ಅದು ಇನ್ನೂ ಹರಡದ ಸಂಶಯಕ್ಕೆ ಮಾತ್ರ ಸಲ್ಲುತ್ತದೆ. ಹರಡಿದ ಮೇಲೆ ಉತ್ತರ ಕೊಡುವುದು ಕಡ್ಡಾಯ, ವಾದವನ್ನು ಹೇಳದೆ ಉತ್ತರ ಕೊಡಲಾಗದು ಎನ್ನುವುದು ಅವರ ನಿಲುವು. ತತ್ವಜ್ಞಾನಿಗಳನ್ನು ಖಂಡಿಸುವ ಮುನ್ನ ಗಝಾಲಿಯವರು ಎರಡು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಅವರ ಗ್ರಂಥಗಳನ್ನೆಲ್ಲ ಓದಿದರು, ಮತ್ತೊಂದು ವರ್ಷ ಮನನ ಮಾಡಿದರು. ಮೊದಲು ಅವರ ಮತವನ್ನೇ ವಿವರಿಸುವ 'ಮಕಾಸಿದ್' ಬಂತು, ಅನಂತರ ಖಂಡನೆಯ 'ತಹಾಫುತ್'. ಅದಕ್ಕೆ ಸ್ಪೇನಿನಲ್ಲಿ ಇಬ್ನ್ ರುಶ್ದ್ ಪ್ರತಿಖಂಡನೆ ಬರೆದಾಗಲೂ ಗಝಾಲಿಯವರ ಮಾತುಗಳನ್ನು ತಮ್ಮ ಗ್ರಂಥದೊಳಗೇ ಎತ್ತಿಟ್ಟು ಉತ್ತರಿಸಿದರು.

ಇಂದು ಯಾವ ಸಂಶಯ ಹರಡದೆ ಉಳಿದಿದೆ? ಹದಿನಾರರ ಹುಡುಗನ ಜೇಬಿನಲ್ಲಿ ಜಗತ್ತಿನ ಎಲ್ಲ ಸಂಶಯಗಳೂ ಇವೆ. ಇಲ್ಲದಿರುವುದು ಮೌಲಾನರ ಉತ್ತರ ಮಾತ್ರ.

ಇದೆಲ್ಲ ಅರಬ್ ನಾಡಿನ ಕಥೆ, ನಮ್ಮ ಊರಿಗೆ ಅನ್ವಯಿಸದು ಎನ್ನುವವರು ಶಿರಾಳಕೊಪ್ಪಕ್ಕೆ ಸಮೀಪದ ಬಳ್ಳಿಗಾವಿಗೆ ಒಮ್ಮೆ ಹೋಗಿ ಬರಲಿ. ಕೇದಾರೇಶ್ವರ ದೇವಾಲಯದ ಕೋಡಿಯ ಮಠವನ್ನು ಕುರಿತು 1162ರ ಶಾಸನವೊಂದಿದೆ. ಕಳಚುರಿ ಬಿಜ್ಜಳನ ಕಾಲದ್ದು. ಕನ್ನಡ ಬಿ.ಎ. ಓದುವಾಗ ಅದರ ಪರಿಚಯವಾಯಿತು, ಇಂದಿಗೂ ನೆನಪಿನಿಂದ ಹೋಗಿಲ್ಲ. ಆ ಮಠ ಕಾಳಾಮುಖ ಶೈವರದು. ಅಲ್ಲಿ ನಾಲ್ಕು ವೇದಗಳು, ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಮಾತ್ರವಲ್ಲ, ಬೌದ್ಧ ದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತೆಂದು ಶಾಸನ ಹೇಳುತ್ತದೆ. ಬಡವರು, ಕುರುಡರು, ಕಿವುಡರ ಜೊತೆಗೆ ಜೈನ ಕ್ಷಪಣಕರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಆಲಯಗಳೂ ಒಂದೇ ಪಟ್ಟಣದಲ್ಲಿದ್ದವು. ಸೊರಬ ತಾಲ್ಲೂಕಿನ ಕುಪ್ಪತ್ತೂರಿನಲ್ಲಿ ಕದಂಬ ರಾಣಿ ಮಾಳಲದೇವಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ 'ಬ್ರಹ್ಮಜಿನಾಲಯ'ವೆಂದು ಹೆಸರಿಟ್ಟವರು ಆ ಅಗ್ರಹಾರದ ಬ್ರಾಹ್ಮಣರು.

ಇದನ್ನು ಓದಿ 'ಎಲ್ಲ ಮತಗಳೂ ಒಂದೇ' ಎಂದು ಅವರು ನಂಬಿದ್ದರೆಂದು ಯಾರೂ ಭಾವಿಸಬೇಕಾಗಿಲ್ಲ. ಕಾಳಾಮುಖರು ಬಿರುಸಾದ ವಾದಿಗಳು. ಬೌದ್ಧರನ್ನೂ ಮೀಮಾಂಸಕರನ್ನೂ ಲೋಕಾಯತರನ್ನೂ ವಾದದಲ್ಲಿ ಗೆದ್ದವರೆಂದು ತಮ್ಮ ಆಚಾರ್ಯರನ್ನು ಶಾಸನಗಳಲ್ಲಿ ಹೊಗಳಿಸಿಕೊಂಡವರು. ಗೆಲ್ಲಬೇಕೆಂಬ ಛಲವಿದ್ದುದರಿಂದಲೇ ಎದುರಾಳಿಯ ಶಾಸ್ತ್ರವನ್ನು ತಮ್ಮ ಮಠದಲ್ಲಿ ಓದಿಸಿದರು. ನಿಷ್ಠೆ ಮತ್ತು ಆಲಿಸುವ ಗುಣ ಒಂದನ್ನೊಂದು ತಿನ್ನುತ್ತವೆಂಬ ನಮ್ಮ ಭಯಕ್ಕೆ ಆ ಕಲ್ಲೇ ಉತ್ತರ. ಇದೇ ಬಳ್ಳಿಗಾವಿಯ ಅಲ್ಲಮಪ್ರಭು ಇದೇ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯನ್ನು ಕಲ್ಯಾಣದಲ್ಲಿ ಎದುರಾದಾಗ, ನಮ್ಮ ಊರಿನವಳೆಂದು ಮೃದುವಾಗಲಿಲ್ಲ. ಶೂನ್ಯಸಂಪಾದನೆಯ ಪ್ರಕಾರ ಒಂದರ ಮೇಲೊಂದು ಕಠಿಣ ಪ್ರಶ್ನೆ ಕೇಳಿದ; ಉತ್ತರ ತೃಪ್ತಿ ತಂದಾಗ ಅವಳ ಹಿರಿಮೆಯನ್ನು ತುಂಬಿದ ಸಭೆಯಲ್ಲಿ ಒಪ್ಪಿಕೊಂಡ.

ಆ ಕಾಲವೆಲ್ಲ ಚಿನ್ನವೆಂದು ನಾನು ಹೇಳಲಾರೆ. ಬಳ್ಳಿಗಾವಿಗೆ ಬಹಳ ದೂರವಲ್ಲದ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯ ಜೈನರೊಂದಿಗೆ ತನ್ನ ತಲೆಯನ್ನೇ ಪಣವಾಗಿಟ್ಟ ಕಥೆ ಶಾಸನದಲ್ಲಿದೆ. ಅದು ಮುಗಿದದ್ದು ಜಿನಬಿಂಬದ ಭಂಗದಲ್ಲಿ. ಬಗ್ದಾದಿನಲ್ಲಿ ವಿಚಾರವಾದಿಗಳೆನಿಸಿಕೊಂಡ ಮುಅ್‌ತಝಿಲಾ ಪಂಥದವರಿಗೆ ಅಧಿಕಾರ ಸಿಕ್ಕಾಗ ಇಮಾಮ್ ಅಹ್ಮದರಿಗೆ ಚಾಟಿಯೇಟು ಬಿತ್ತು. ವಾದ ಸೋತಲ್ಲಿ ಅಧಿಕಾರವನ್ನು ಕರೆತರುವ ಚಟ ಎಲ್ಲ ಕಡೆಯೂ ಇತ್ತು, ನಮ್ಮಲ್ಲಿಯೂ ಇತ್ತು.

ಈಗಿನ ರೋಗ ಅದಕ್ಕಿಂತ ಬೇರೆ. ಇಂದು ವಾದವೇ ನಡೆಯುವುದಿಲ್ಲ. ಅಮೆರಿಕದ ಉದಾಹರಣೆಯನ್ನು ನೋಡೋಣ, ಏಕೆಂದರೆ ನಮ್ಮ ಕೈಯಲ್ಲಿರುವ ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್ ಬಂದದ್ದು ಅಲ್ಲಿಂದಲೇ. 1858ರಲ್ಲಿ ಇಲಿನಾಯ್ ರಾಜ್ಯದ ಏಳು ಊರುಗಳಲ್ಲಿ ಲಿಂಕನ್ ಮತ್ತು ಡಗ್ಲಸ್ ಗುಲಾಮಗಿರಿಯ ಬಗ್ಗೆ ಎದುರುಬದುರು ನಿಂತು ವಾದಿಸಿದರು. ಮೊದಲನೆಯವರಿಗೆ ಒಂದು ಗಂಟೆ, ಎರಡನೆಯವರಿಗೆ ಒಂದೂವರೆ ಗಂಟೆ, ಮತ್ತೆ ಮೊದಲನೆಯವರಿಗೆ ಅರ್ಧ ಗಂಟೆ. ಎರಡೂ ಪಕ್ಷದ ಜನ ಒಂದೇ ಬಯಲಿನಲ್ಲಿ ಸೇರಿ ಮೂರು ಗಂಟೆ ಕೇಳುತ್ತಿದ್ದರು. ವಿವಾದದ ವಿಷಯಗಳಲ್ಲಿ ಎದುರು ಅಭಿಪ್ರಾಯಕ್ಕೂ ಅವಕಾಶ ಕೊಡಬೇಕೆಂದು ರೇಡಿಯೊ, ಟೆಲಿವಿಷನ್‌ಗಳಿಗೆ 1949ರಲ್ಲಿ ಆ ದೇಶ ನಿಯಮ ಮಾಡಿತ್ತು. 1987ರಲ್ಲಿ ಅದನ್ನು ತೆಗೆದುಹಾಕಿತು. ಬಳಿಕ ಒಂದೊಂದು ಪಕ್ಷಕ್ಕೆ ಒಂದೊಂದು ವಾಹಿನಿ, ಒಂದೊಂದು ಸತ್ಯ. ಚುನಾವಣೆಯ ಫಲಿತಾಂಶವನ್ನೇ ಒಪ್ಪದ ಗುಂಪು 2021ರ ಜನವರಿ 6ರಂದು ತನ್ನದೇ ಸಂಸತ್ ಭವನಕ್ಕೆ ನುಗ್ಗಿತು.

ನಾವು ಅದನ್ನು ಟಿವಿಯಲ್ಲಿ ನೋಡಿ ನಕ್ಕೆವು. 2022ರಲ್ಲಿ ನಮ್ಮ ಸರದಿ ಬಂತು. ಹಿಜಾಬ್ ವಿವಾದದಲ್ಲಿ ಆ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಪೀಠ ಎರಡಾಗಿ ಒಡೆಯಿತು: ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾಗೊಳಿಸಿದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಪುರಸ್ಕರಿಸಿದರು. ಒಂದೇ ಕಡತ, ಅವೇ ವಾದಗಳು, ಅಕ್ಕಪಕ್ಕದ ಆಸನ. ನಮ್ಮ ಗುಂಪುಗಳಲ್ಲಿ ಧುಲಿಯಾ ಅವರ ಸಾಲುಗಳು ಓಡಾಡಿದವು. ಅತ್ತ ಕೇಸರಿ ಶಾಲಿನ ಗುಂಪುಗಳಲ್ಲಿ ಗುಪ್ತಾ ಅವರವು. ನಮ್ಮಲ್ಲಿ ಎಷ್ಟು ಮಂದಿ ಗುಪ್ತಾ ಅವರ ತೀರ್ಪನ್ನು ಓದಿದೆವು? ನಮ್ಮ ಹೆಣ್ಣುಮಕ್ಕಳ ಓದು ನಿಂತುಹೋಗುವ ಪ್ರಶ್ನೆಯಲ್ಲಿ ವಿರುದ್ಧ ತೀರ್ಪಿನ ತರ್ಕವೇನೆಂಬುದನ್ನು ತಿಳಿಯದೆ ಅದಕ್ಕೆ ಉತ್ತರ ಕೊಡುವವರು ಯಾರು? ಆ ಕಡೆಯವರು ಧುಲಿಯಾ ಅವರನ್ನು ಓದಲಿಲ್ಲವೆಂಬ ದೂರು ನ್ಯಾಯವಾದದ್ದೇ. ಆದರೆ ನಾವು ಓದದಿರಲು ಅದು ಕಾರಣವಾಗಲಾರದು.

ಇನ್ನು ನಮ್ಮ ಮನೆಯೊಳಗಿನ ಮಾತು. ಬಹಿರಂಗ ಸಭೆಯಲ್ಲಿ ನಾವು ಸಂವಿಧಾನ, ಸಂವಾದ, ಸೌಹಾರ್ದ ಎನ್ನುತ್ತೇವೆ. ಮಸೀದಿಯೊಳಗೆ ಬಂದರೆ ಆಮೀನ್ ಗಟ್ಟಿಯಾಗಿ ಹೇಳಿದವನ ಮುಖ ತಿರುಗಿ ನೋಡುತ್ತೇವೆ. ಬೇರೆ ಜಮಾಅತಿನ ಬಯಾನ್‌ಗೆ ಇಲ್ಲಿ ಅವಕಾಶವಿಲ್ಲ ಎನ್ನುತ್ತೇವೆ. ಎಲ್ಲ ಮಾತು ಮುಗಿದು ತಾರೀಖು ಗೊತ್ತುಮಾಡುವ ಹೊತ್ತಿಗೆ, ಹುಡುಗನ ಚಿಕ್ಕಪ್ಪ ಇನ್ನೊಂದು ಜಮಾಅತಿನವನೆಂದು ಮುರಿದುಬಿದ್ದ ನಿಕಾಹ್‌ನ ಮಾತುಕತೆಯೊಂದಕ್ಕೆ ನಾನೇ ಸಾಕ್ಷಿ. ಬನೂ ಕುರೈಝಾಕ್ಕೆ ತಲುಪಿಯೇ ಅಸ್ರ್ ನಮಾಝ್ ಮಾಡಬೇಕೆಂಬ ಆಜ್ಞೆಯನ್ನು ಸಹಾಬಿಗಳು ಎರಡು ಬಗೆಯಾಗಿ ಗ್ರಹಿಸಿ, ಕೆಲವರು ದಾರಿಯಲ್ಲೇ ನಮಾಝ್ ಮಾಡಿದರು, ಕೆಲವರು ತಲುಪುವವರೆಗೆ ಕಾದರು. ಪ್ರವಾದಿ(ಸ) ಇಬ್ಬರನ್ನೂ ಆಕ್ಷೇಪಿಸಲಿಲ್ಲ. ಇಮಾಮ್ ಮಾಲಿಕ್(ರ) ಅವರ ಮುವತ್ತವನ್ನು ಇಡೀ ರಾಜ್ಯಕ್ಕೆ ಕಡ್ಡಾಯ ಮಾಡಲು ಖಲೀಫರೇ ಮುಂದಾದಾಗ ಮಾಲಿಕರೇ ಬೇಡವೆಂದರು. ಸಹಾಬಿಗಳು ಬೇರೆಬೇರೆ ನಾಡುಗಳಿಗೆ ಹೋಗಿ ನೆಲೆಸಿದ್ದಾರೆ, ಒಂದೊಂದು ನಾಡಿನ ಜನ ತಮಗೆ ತಲುಪಿದ ಜ್ಞಾನದಂತೆ ನಡೆಯುತ್ತಿದ್ದಾರೆ ಎಂಬುದು ಅವರು ಕೊಟ್ಟ ಕಾರಣ. ತನ್ನದೇ ಗ್ರಂಥಕ್ಕೆ ರಾಜಮುದ್ರೆ ಬೇಡವೆಂದ ಆ ಇಮಾಮರ ಹೆಸರು ಹೇಳುವ ನಾವು, ಮಸೀದಿಯ ಕಮಿಟಿಗೆ ಸಿಕ್ಕ ಒಂದು ಬೀಗದ ಕೈಯನ್ನು ರಾಜದಂಡದಂತೆ ಹಿಡಿಯುತ್ತೇವೆ.

ಸೊರಬದ ಮತದಾರರನ್ನೇ ನೋಡಿ. 2013, 2018, 2023ರಲ್ಲಿ ಬಂಗಾರಪ್ಪನವರ ಇಬ್ಬರು ಪುತ್ರರು ಬೇರೆಬೇರೆ ಪಕ್ಷಗಳಿಂದ ಎದುರುಬದುರು ನಿಂತರು. ಒಮ್ಮೆ ಮಧು, ಒಮ್ಮೆ ಕುಮಾರ್, ಮತ್ತೆ ಮಧು ಗೆದ್ದರು. ಕ್ಷೇತ್ರ ಎರಡು ಬಾರಿ ಮನಸ್ಸು ಬದಲಿಸಿತು. ಅದಕ್ಕಾಗಿ ಯಾರೂ ಯಾರನ್ನೂ ಊರಿನಿಂದ ಹೊರಗೆ ಹಾಕಲಿಲ್ಲ. ರಾಜಕೀಯ ಧರ್ಮವಲ್ಲ, ಬಲ್ಲೆ. ಆದರೂ ಚುನಾವಣೆಯಲ್ಲಿ ತೋರುವ ಸೈರಣೆಯಷ್ಟನ್ನೂ ದೀನಿನ ಸಹೋದರನಿಗೆ ತೋರಲಾರೆವೆಂದರೆ ನಾಚಿಕೆಯಾಗಬೇಕು.

ಆ ಹುಡುಗ ಕಳೆದ ರಮಝಾನಿನಲ್ಲಿ ಒಂದು ದಿನ ತರಾವೀಹ್‌ಗೆ ಬಂದಿದ್ದ. ನಾನೇ ಅವನ ಬಳಿಗೆ ಹೋಗಿ, ಅಂದು ಗದರಿಸಿದ್ದು ತಪ್ಪು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೆಯ ಪ್ರಶ್ನೆಯ ಜೊತೆಗೆ ಇನ್ನೂ ಎರಡನ್ನು ಕೇಳಿದ. ಒಂದಕ್ಕೆ ಅಲ್ಲಿಯೇ ಉತ್ತರಿಸಿದೆ. ಉಳಿದವುಗಳಿಗೆ ಸಮಯ ಕೇಳಿದ್ದೇನೆ. ಅವನು ನೋಡಿದ ಆ ಭಾಷಣವನ್ನು ಈಗ ನಾನೂ ಪೂರ್ತಿಯಾಗಿ ಕೇಳುತ್ತಿದ್ದೇನೆ.