ಗಟ್ಟಿ ಉಕ್ಕಿನ ತೆಳು ರಿಂಗ್ ಅನ್ನು ಮನೆಯ ಲೇತ್‌ನಲ್ಲಿ ಕೊರೆಯಬಹುದೇ?

‘ಬೇರಿಂಗ್ ರಿಂಗ್ ಕೆಂಪಗೆ ಕಾಯಿಸಿ, ಆರಿದ ಮೇಲೆ ಲೇತ್‌ನಲ್ಲಿ ಕೊರೆಯಿರಿ. ಮತ್ತೆ ಕಾಯಿಸಿ ನೀರಿಗೆ ಅದ್ದಿದರೆ ಹೊಸದರಷ್ಟೇ ಗಟ್ಟಿ!’ ಇಂಥ ಸಲಹೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಪಂಪ್‌ಸೆಟ್, ಪವರ್ ಟಿಲ್ಲರ್, ರೇಷ್ಮೆ ನೂಲಿನ ಯಂತ್ರ ರಿಪೇರಿ ಮಾಡುವವರಿಗೆ ಇದು ದುಡ್ಡು ಉಳಿಸುವ ಉಪಾಯದಂತೆ ಕಾಣುತ್ತದೆ. ನಿಜವೇನು ನೋಡೋಣ.

ಟೂಲ್ ಏಕೆ ಸೋಲುತ್ತದೆ?
ಬೇರಿಂಗ್ ಉಕ್ಕಿನ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ ಸುಮಾರು 60. ಸಾಮಾನ್ಯ ಎಚ್‌ಎಸ್‌ಎಸ್ ಟೂಲ್‌ನದು 62ರಿಂದ 65. ಹೆಚ್ಚುಕಡಿಮೆ ಸಮಬಲ. ಹಾಗಾಗಿ ರಿಂಗ್ ಕೊರೆಯುವ ಮೊದಲೇ ಟೂಲಿನ ಮೊನೆ ಹೋಗುತ್ತದೆ.

ಕಾಯಿಸಿದರೆ ಏನಾಗುತ್ತದೆ?
ಉಕ್ಕಿಗೆ ಹದ ಕೊಡುವಾಗ ಕಮ್ಮಾರರು ಬಣ್ಣ ನೋಡುತ್ತಾರೆ. ಸಾದಾ ಇಂಗಾಲದ ಉಕ್ಕು ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಬಣ್ಣಕ್ಕೆ, 300ರ ಹತ್ತಿರ ನೀಲಿಗೆ ತಿರುಗುತ್ತದೆ. ನೀಲಿ ಬಂದಲ್ಲಿ ಗಡಸುತನ ಇಳಿದಿದೆ ಎಂದರ್ಥ. ಬಣ್ಣವನ್ನು ಉಜ್ಜಿ ತೆಗೆಯಬಹುದು, ಹೋದ ಹದ ಉಜ್ಜಿದರೆ ಬರುವುದಿಲ್ಲ. ತೆಳು ತುಂಡಿನಲ್ಲಿ ಲೋಹ ಕಡಿಮೆ ಇರುವುದರಿಂದ ಗ್ರೈಂಡಿಂಗ್ ಕಲ್ಲಿನ ಬಿಸಿಗೂ ಬೇಗ ನೀಲಿಯಾಗುತ್ತದೆ. ಇನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ತೆಳು ರಿಂಗ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಬೇರಿಂಗ್ ಉಕ್ಕನ್ನು ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸುತ್ತಾರೆ.

ಚಕ್‌ನಲ್ಲೂ ತೊಂದರೆ
ಮೂರು ದವಡೆಯ ಚಕ್ ತೆಳು ರಿಂಗನ್ನು ಮೂರು ಕಡೆ ಅದುಮುತ್ತದೆ. ಅದುಮಿದಾಗ ದುಂಡಗೆ ಕೊರೆದ ತೂತು, ಬಿಚ್ಚಿದ ಮೇಲೆ ಮೂರು ಮೂಲೆಯಂತಾಗುತ್ತದೆ. ಅಂಥ ಬೇರಿಂಗ್ ಸದ್ದು ಮಾಡಿ, ಬಿಸಿಯೇರಿ, ಶಾಫ್ಟನ್ನೂ ಕೆಡಿಸುತ್ತದೆ.

ಹಾಗಾದರೆ ದಾರಿ?
ಬೇರಿಂಗ್ ಆದರೆ ಸರಿಯಾದ ಅಳತೆಯದನ್ನೇ ಕೊಳ್ಳಿ. ಬೇರೆ ಬಿಡಿಭಾಗವಾದರೆ ಉಕ್ಕು ಮೆತ್ತಗಿರುವಾಗಲೇ ಲೇತ್ ಕೆಲಸ ಮುಗಿಸಿ, ಕೊನೆಗೆ ಗ್ರೈಂಡ್ ಮಾಡಲು ಸ್ವಲ್ಪ ಅಂಚು ಬಿಡಿ. ಆಮೇಲೆ ಗಟ್ಟಿ ಮಾಡಿಸಿ. ಗಟ್ಟಿಯಾದದ್ದನ್ನೇ ಕೊರೆಯಬೇಕಾದರೆ ಸಿಬಿಎನ್ ಟೂಲ್ ಅಥವಾ ಗ್ರೈಂಡಿಂಗ್ ಬೇಕು. ಒಂದೊಂದು ಸಲಕ್ಕೂ ತೀರಾ ಕಡಿಮೆ ತೆಗೆಯಬೇಕು. ಗ್ರೈಂಡ್ ಮಾಡುವಾಗ ಲೇತ್ ಬೆಡ್ ಮುಚ್ಚಿಡಿ, ಕಲ್ಲಿನ ಪುಡಿ ಅದನ್ನು ಸವೆಸುತ್ತದೆ.

ಗ್ಲೌಸ್ ಹಾಕಿದರೆ ಕೈಗೆ ರಕ್ಷಣೆಯೇ?
ಇಲ್ಲ. ತಿರುಗುವ ಲೇತ್‌ಗೆ ಗ್ಲೌಸ್ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಟವೆಲ್, ಸಡಿಲ ತೋಳಿನ ಅಂಗಿಯೂ ಅಷ್ಟೇ ಅಪಾಯ. ಕಣ್ಣಿಗೆ ಕನ್ನಡಕ ಮಾತ್ರ ತಪ್ಪಿಸಬೇಡಿ.

ಆ ವಿಡಿಯೊ ಮುಂದೆ ಕಳಿಸುವ ಮೊದಲು ಇದನ್ನೂ ಕಳಿಸಿ.