ಗುಜರಿಯ ತಕ್ಕಡಿಗೆ ಏರಬಾರದ ರಂದಾ ಮಷೀನು

ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಹಳೆಯ ಸಾ ಮಿಲ್ಲೊಂದು ಬಾಗಿಲು ಹಾಕಿದರೆ, ಇಲ್ಲವೇ ಬಡಿಗೇರ ಮನೆಯಲ್ಲಿ ಅಪ್ಪನ ಕಸುಬನ್ನು ಮಕ್ಕಳು ಬಿಟ್ಟರೆ, ಮೂಲೆ ಸೇರಿದ ರಂದಾ ಮಷೀನಿಗೆ ಸಾಮಾನ್ಯವಾಗಿ ಗಿರಾಕಿಯಾಗಿ ಬರುವವನು ಗುಜರಿಯವನೇ. ತುಕ್ಕು ಹಿಡಿದಿದೆ, ಮೋಟರು ಸುಟ್ಟಿದೆ, ಜಾಗ ತಿನ್ನುತ್ತಿದೆ ಎಂಬ ಕಾರಣಕ್ಕೆ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟುಬಿಡುತ್ತಾರೆ. ಅದೇ ಓಣಿಯಲ್ಲಿ ಹೊಸದಾಗಿ ಕೆಲಸ ಶುರುಮಾಡಿದ ಹುಡುಗ ಸಾಲ ಮಾಡಿ ತೆಳು ತಗಡಿನ ಹೊಸ ಮಷೀನು ತರುತ್ತಾನೆ. ಎರಡೂ ಕಡೆ ನಷ್ಟ. ಇದನ್ನು ತಪ್ಪಿಸಲು ಸಾಧ್ಯವಿದೆ, ತಪ್ಪಿಸಲೇಬೇಕು.

ಹಳೆಯ ಮಷೀನಿನ ಬೆಲೆ ಇರುವುದು ಅದರ ಎರಕದ ಟೇಬಲ್ಲಿನಲ್ಲಿ. ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟ್‌ನಂಥ ಊರುಗಳ ಫೌಂಡ್ರಿಗಳಲ್ಲಿ ಎರಕ ಹೊಯ್ದ ಇಂಥ ಮಷೀನುಗಳು ದೇಶದ ತುಂಬ ಹಂಚಿಹೋಗಿವೆ. ಭಾರವಾದ ಎರಕದ ಕಬ್ಬಿಣ ನಡುಕವನ್ನು ನುಂಗಿಕೊಳ್ಳುತ್ತದೆ. ಹಲಗೆಯ ಮೇಲೆ ಅಲೆಅಲೆ ಗೆರೆ ಏಳುವುದಿಲ್ಲ. ಕೆಡುವುದೇನಿದ್ದರೂ ಬೇರಿಂಗು, ಬೆಲ್ಟು, ಬ್ಲೇಡು, ಮೋಟರು. ಇವೆಲ್ಲ ಹೊಸಪೇಟೆಯಂಥ ಊರಿನ ಅಂಗಡಿಗಳಲ್ಲೇ ಸಿಗುವ ಸಾಮಾನು.

ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಈ ಕೆಲಸ ಮಾಡುವವರಿಗೆ ಬೇಕಾಗಿರುವುದು ಹೆಚ್ಚಾಗಿ ತಾಳ್ಮೆ. ಬಿಚ್ಚುವಾಗ ಹಂತಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಯಾವ ವಾಷರ್ ಎಲ್ಲಿತ್ತು ಎಂದು ಆಮೇಲೆ ತಡಕಾಡಬೇಕಿಲ್ಲ. ಜಾಮ್ ಆದ ಬೋಲ್ಟಿಗೆ ಸುತ್ತಿಗೆಯಿಂದ ಬಡಿಯಬಾರದು. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಡೀಸೆಲ್ ಸುರಿದು ಒಂದು ರಾತ್ರಿ ಬಿಟ್ಟರೆ ಎಷ್ಟೋ ಬೋಲ್ಟುಗಳು ತಾವಾಗಿ ಸಡಿಲವಾಗುತ್ತವೆ. ಸಣ್ಣ ಭಾಗಗಳ ತುಕ್ಕಿಗೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, ಒಂದು ಬ್ಯಾಟರಿ ಚಾರ್ಜರ್ ಸಾಕು. ತುಕ್ಕಿನ ಭಾಗಕ್ಕೆ ನೆಗೆಟಿವ್, ಬೇಡವಾದ ಕಬ್ಬಿಣದ ತುಂಡಿಗೆ ಪಾಸಿಟಿವ್ ತಂತಿ ಕೊಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಕಪ್ಪು ಮಡ್ಡಿಯಾಗಿ, ಬ್ರಶ್ಶಿಗೆ ಉದುರುತ್ತದೆ. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹಾಕಬಾರದು. ಅದರಲ್ಲಿರುವ ಕ್ರೋಮಿಯಂ ನೀರನ್ನು ವಿಷ ಮಾಡುತ್ತದೆ. ಹೈಡ್ರೋಜನ್ ಅನಿಲ ಏಳುವುದರಿಂದ ಇದನ್ನು ಬಯಲಿನಲ್ಲೇ ಮಾಡಬೇಕು, ಹತ್ತಿರ ಬೀಡಿ ಹಚ್ಚಬಾರದು.

ಬ್ಲೇಡು ಕೂರಿಸುವುದು ಇನ್ನೂ ಸೂಕ್ಷ್ಮ. ಕರೆಂಟಿನ ಪ್ಲಗ್ ಕಿತ್ತು, ಹಿಂದಿನ ಟೇಬಲ್ಲಿನ ಮೇಲೆ ನೇರವಾದ ಸಾಗುವಾನಿ ಪಟ್ಟಿ ಇಟ್ಟು, ಬ್ಲೇಡಿರುವ ರೋಲರನ್ನು ಕೈಯಿಂದ ನಿಧಾನಕ್ಕೆ ತಿರುಗಿಸಬೇಕು. ಸರಿಯಾಗಿ ಕೂತ ಬ್ಲೇಡಿನ ಬಾಯಿ ಪಟ್ಟಿಯನ್ನು ಮುಟ್ಟಿ ಸುಮಾರು 3 ಮಿಲಿಮೀಟರ್ ಎಳೆದು ಬಿಡುತ್ತದೆ. ಬಲತುದಿಯಲ್ಲಿ 3, ಎಡತುದಿಯಲ್ಲಿ 5 ಎಳೆದರೆ ಎಡಗಡೆ ಬ್ಲೇಡು ಎದ್ದಿದೆ ಎಂದೇ ಲೆಕ್ಕ. ಕಣ್ಣಿಗೆ ಕಾಣದ ಕೂದಲೆಳೆಯ ವ್ಯತ್ಯಾಸವನ್ನು ಒಂದು ಮರದ ಪಟ್ಟಿ ಹೇಳಿಕೊಡುತ್ತದೆ. ಇದಕ್ಕೆ ದುಬಾರಿ ಗೇಜು ಬೇಕಿಲ್ಲ.

ಮನೆಯಲ್ಲಿ ಎದುರಾಗುವ ದೊಡ್ಡ ತೊಡಕು ಕರೆಂಟಿನದು. ಮಿಲ್ಲಿನಿಂದ ಬಂದ ಮಷೀನಿಗೆ ಸಾಮಾನ್ಯವಾಗಿ ತ್ರೀ ಫೇಸ್ ಮೋಟರು, ಮನೆಯದ್ದು ಸಿಂಗಲ್ ಫೇಸ್ ಲೈನು. ಸಿಂಗಲ್ ಫೇಸ್ ಮೋಟರಿಗೆ ಬದಲಿಸಬಹುದು, ಇಲ್ಲವೇ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ವಿಎಫ್‌ಡಿ ಪೆಟ್ಟಿಗೆ ಹಾಕಿ ಹಳೆಯ ಮೋಟರನ್ನೇ ಓಡಿಸಬಹುದು. 1440 ಸುತ್ತಿನ ಮೋಟರಿಗೆ ಮೂರಕ್ಕೆ ಒಂದರ ಪುಲ್ಲಿ ಜೋಡಿಸಿದರೆ ರೋಲರ್ ನಿಮಿಷಕ್ಕೆ 4320 ಸುತ್ತು ತಿರುಗುತ್ತದೆ. ರಂದಾ ಹೊಡೆಯಲು ಅಷ್ಟು ವೇಗ ಬೇಕು. ಸುಟ್ಟ ಮೋಟರಿಗೆ ಹೆದರಬೇಕಾದ್ದೂ ಇಲ್ಲ. ಭತ್ತದ ಗದ್ದೆಗಳ ಪಂಪ್‌ಸೆಟ್ಟುಗಳ ದಯೆಯಿಂದ ತುಂಗಭದ್ರೆಯ ಆಸುಪಾಸಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲ. ಗಣಿ ಲಾರಿ, ಟ್ರ್ಯಾಕ್ಟರುಗಳನ್ನು ನಂಬಿಕೊಂಡ ಲೇತ್ ಅಂಗಡಿಗಳೂ ಅಷ್ಟೇ ಇವೆ. ಸವೆದ ಶಾಫ್ಟು, ಒಡೆದ ಪುಲ್ಲಿಗೆ ದೂರ ಹೋಗಬೇಕಿಲ್ಲ.

ಈ ಸೀಮೆಯ ರಿಪೇರಿ ಕೈಗಳ ಮೇಲೆ ಭರವಸೆ ಇಡಲು ಬಲವಾದ ಸಾಕ್ಷಿಯಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸ್ಥಳೀಯ ಕಾರ್ಖಾನೆಗಳಲ್ಲಿ ತಯಾರಾದ ಸ್ಟಾಪ್‌ಲಾಗ್ ತುಂಡುಗಳನ್ನು ಹರಿಯುವ ನೀರಿನಲ್ಲೇ ಇಳಿಸಿ ವಾರದಲ್ಲೇ ನೀರು ತಡೆದರು. ದೇಶದ ಎಷ್ಟೋ ಅಣೆಕಟ್ಟೆಗಳಿಗೆ ಗೇಟು ಮಾಡಿ ಕಳಿಸಿದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕೂಡ ಇದೇ ಹೊಸಪೇಟೆಯದು. ಅದನ್ನು ಮುಚ್ಚಲು 2015ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿದರೂ ಕೆಲಸ ಬಲ್ಲವರು ಊರಿನಲ್ಲಿ ಉಳಿದಿದ್ದರು ಎಂಬುದನ್ನು ಆ ಒಂದು ವಾರ ತೋರಿಸಿಕೊಟ್ಟಿತು.

ಮರಗೆಲಸಕ್ಕೂ ಇಲ್ಲಿ ಆಳವಾದ ಬೇರುಗಳಿವೆ. ಹಂಪಿಯ ಮಹಾನವಮಿ ದಿಬ್ಬದ ಬಳಿ ಅರಸರ ಸಭಾಂಗಣದ ಜಗಲಿಯ ಮೇಲೆ ನೂರು ಕಂಬಗಳ ಗುರುತುಗಳಿವೆ. ಅಲ್ಲಿ ನಿಂತಿದ್ದದ್ದು ಮರದ ಕಂಬಗಳು. ಕಲ್ಲು ಉಳಿಯಿತು, ಮರ ಹೋಯಿತು. ಹೊಳೆಯಾಚೆ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಇಂದಿಗೂ ಹಗುರ ಮರದಲ್ಲಿ ಬೊಂಬೆ ಮಾಡುತ್ತಾರೆ. 2011ರ ಜುಲೈಯಲ್ಲಿ ಹಂಪಿ ಬಜಾರಿನ ಮಂಟಪಗಳಿಂದ ಅಂಗಡಿ, ಮನೆಗಳನ್ನು ತೆರವುಗೊಳಿಸಿದ ಮೇಲೆ ಎಷ್ಟೋ ಕುಟುಂಬಗಳು ಹೊಸ ಬದುಕು ಹುಡುಕಿಕೊಳ್ಳಬೇಕಾಯಿತು. ಸ್ಮಾರಕಗಳ ಸುತ್ತ ದೊಡ್ಡ ಕಾರ್ಖಾನೆ ಬರುವಂತಿಲ್ಲ, ಬರಲೂಬಾರದು. ಆದರೆ ಹಂಪಿಯ ಪಕ್ಕದ ಕಡ್ಡಿರಾಂಪುರದ ಒಂದು ಶೆಡ್ಡಿನಲ್ಲಿ ಹಳೆಯ ಮಷೀನೊಂದು ಓಡಿದರೆ ಕಿಟಕಿ, ಬಾಗಿಲು, ಪ್ರವಾಸಿಗರು ಕೊಳ್ಳುವ ಮರದ ಪುಟ್ಟ ತೇರು ಅಲ್ಲೇ ತಯಾರಾಗುತ್ತವೆ.

ಇಂಥ ಶೆಡ್ಡುಗಳಿಗೆ ಸರ್ಕಾರದ ಹಣವೂ ಒದಗಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಬಡಿಗರನ್ನೂ ಸೇರಿಸಿ 18 ಕಸುಬುಗಳಿಗೆ ಟೂಲ್‌ಕಿಟ್ ಕೊಳ್ಳಲು 15,000 ರೂಪಾಯಿಯ ವೋಚರ್, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ ಕೊಡುತ್ತದೆ. ಒಳ್ಳೆಯ ಯೋಜನೆ, ಆದರೆ ವೋಚರಿನ ಕಣ್ಣು ಹೊಸ ಸಾಮಾನಿನ ಮೇಲಿದೆ. ಬೇರಿಂಗು, ಬ್ಲೇಡು, ವೈಂಡಿಂಗಿನ ರಸೀದಿಗೂ ಅದೇ ಹಣ ಸಲ್ಲಬೇಕು. ಸೆಕೆಂಡ್ ಹ್ಯಾಂಡ್ ಮಷೀನನ್ನು ಬಲ್ಲವರು ನೋಡಿ ಸರಿಯಿದೆ ಎಂದು ಬರೆದುಕೊಟ್ಟರೆ ಬ್ಯಾಂಕು ಸಾಲ ಕೊಡಬೇಕು.

ಹಾಗೆ ನೋಡಿ ಬರೆದುಕೊಡುವ ಕೆಲಸಕ್ಕೆ ಸರ್ಕಾರಿ ಐಟಿಐಗಿಂತ ತಕ್ಕ ಜಾಗ ಇಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಓದುವ ಮಕ್ಕಳಿಗೆ ಒಂದೊಂದು ಹಳೆಯ ಮಷೀನು ಕೊಟ್ಟು ಸರಿಮಾಡಿಸಿದರೆ ಅವರಿಗೆ ಪಾಠ, ಊರಿಗೆ ಮಷೀನು. ಸುರಕ್ಷತೆಯ ತಪಾಸಣೆಯೂ ಅಲ್ಲೇ ಆಗಬೇಕು, ಏಕೆಂದರೆ ಹಳೆಯದೆಲ್ಲ ಒಳ್ಳೆಯದಲ್ಲ. ಬೆರಳು ನುಂಗುವ ಚೌಕ ರೋಲರಿನ ಮಷೀನು, ಟೇಬಲ್ ಸೀಳಿದ ಮಷೀನು ಗುಜರಿಗೇ ಹೋಗಲಿ. ಗಾರ್ಡ್ ಇಲ್ಲದೆ, ಹಲಗೆ ತಳ್ಳಲು ಕೈಹಿಡಿಯ ಮರವಿಲ್ಲದೆ ಯಾವ ಮಷೀನಿಗೂ ಚೀಟಿ ಕೊಡಬಾರದು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮನೆಯ ಶೆಡ್ಡಿನಲ್ಲಿ ಮಕ್ಕಳೂ ಓಡಾಡುತ್ತಾರೆ. ಹಾಗಾಗಿ ಧೂಳು ಎಳೆಯುವ ಫ್ಯಾನು, ಮಾಸ್ಕಿನ ಖರ್ಚೂ ಆ ವೋಚರಿನಲ್ಲೇ ಸೇರಬೇಕು.